ಕಹಳೆಗೆ ಸ್ವರವೇ ಇಲ್ಲವೇ? ಮಾಯಕೊಂಡದ ಜಾತ್ರೆಯಿಂದ ಮೊಜಾರ್ಟ್‌ನ ಹಾರ್ನ್ ಕಾನ್ಸರ್ಟೊವರೆಗೆ

ಕಹಳೆ ಸಂಗೀತವಾದ್ಯವೇ ಅಲ್ಲ, ಸದ್ದು ಮಾಡುವ ಸಾಮಾನು ಅಷ್ಟೆ ಎಂಬ ಮಾತು ನಮಗೆ ಆಗಾಗ ಕೇಳಿಬರುತ್ತದೆ. ಹೇಳುವವರ ವಾದ ಸರಳ. ಕೊಳಲಿಗೆ ತೂತುಗಳಿವೆ, ಹಾರ್ಮೋನಿಯಮ್ಮಿಗೆ ಮನೆಗಳಿವೆ, ಕಹಳೆಗೆ ಏನೂ ಇಲ್ಲ. ಬರೀ ಒಂದು ಕೊಳವೆ. ಒಂದು ತುದಿಯಲ್ಲಿ ಊದಿದರೆ ಇನ್ನೊಂದು ತುದಿಯಲ್ಲಿ ಕೂಗು. ಅದರಲ್ಲಿ ಸ್ವರ ಎಲ್ಲಿಂದ ಬರಬೇಕು?

ಈ ಮಾತನ್ನು ತಮಾಷೆಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಮಾಯಕೊಂಡ, ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ತೇರಿನ ಮುಂದೆ ಕಹಳೆ ಊದುವವರಿಗೆ ಇದು ಹೊಟ್ಟೆಯ ಪ್ರಶ್ನೆಯೂ ಹೌದು. ಜಾತ್ರೆಯ ಖರ್ಚು ಲೆಕ್ಕ ಹಾಕುವಾಗ ಡಿಜೆ ಸೆಟ್ಟಿಗೆ ಒಂದು ದರ, ಬ್ಯಾಂಡ್ ಸೆಟ್ಟಿಗೆ ಒಂದು ದರ, ಕಹಳೆಯವರಿಗೆ ಕೈಗೆ ಸಿಕ್ಕಷ್ಟು. ಕಲಾವಿದರ ಮಾಸಾಶನಕ್ಕೆ ಅರ್ಜಿ ತುಂಬುವಾಗ ‘ನೀವು ನುಡಿಸುವುದೇನು’ ಎಂಬಲ್ಲಿ ಏನು ಬರೆಯಬೇಕು ಎಂಬುದೂ ಈ ನಂಬಿಕೆಯ ಮೇಲೇ ನಿಂತಿದೆ. ಹಾಗಾಗಿ ‘ಕಹಳೆಗೆ ಸ್ವರವಿಲ್ಲ’ ಎಂಬ ಮಾತು ಎಷ್ಟು ನಿಜ ಎಂದು ಪರಿಶೀಲಿಸೋಣ.

ಪರಿಶೀಲನೆಗೆ ಒಂದು ಒಳ್ಳೆಯ ಸಾಕ್ಷಿ ಯುರೋಪಿನಲ್ಲಿದೆ. ಮೊಜಾರ್ಟ್ ಬರೆದ ನಾಲ್ಕು ಹಾರ್ನ್ ಕಾನ್ಸರ್ಟೊಗಳನ್ನು ಇಂದಿಗೂ ಜಗತ್ತಿನಾದ್ಯಂತ ನುಡಿಸುತ್ತಾರೆ. ಕಾನ್ಸರ್ಟೊ ಎಂದರೆ ಇಡೀ ವಾದ್ಯವೃಂದದ ಎದುರು ಒಬ್ಬ ವಾದಕ ನಿಂತು, ಮಾತಿಗೆ ಮಾತು ಕೊಡುತ್ತಾ, ನಡುವೆ ಕೆಲವೆಡೆ ಎಲ್ಲರೂ ಸುಮ್ಮನಾದಾಗ ತಾನೊಬ್ಬನೇ ಕೈಚಳಕ ತೋರಿಸುವ ರಚನೆ. ನಮ್ಮ ಕಛೇರಿಯ ತನಿ ಆವರ್ತನವನ್ನು ನೆನೆದರೆ ಈ ಕೊನೆಯ ಭಾಗದ ಅಂದಾಜು ಸಿಗುತ್ತದೆ. ಮೊಜಾರ್ಟ್‌ನ ಕಾಲದ ಹಾರ್ನಿಗೆ ತೂತಿರಲಿಲ್ಲ, ಒತ್ತುವ ಕೀಲಿಯೂ ಇರಲಿಲ್ಲ. ಹಾರ್ನಿಗೆ ಕವಾಟ ಜೋಡಿಸುವ ಉಪಾಯವನ್ನು ಬರ್ಲಿನ್‌ನಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಹಕ್ಕುಪತ್ರ ಮಾಡಿಸಿಕೊಂಡದ್ದು 1818ರಲ್ಲಿ. ಮೊಜಾರ್ಟ್ ತೀರಿಕೊಂಡದ್ದು 1791ರಲ್ಲಿ. ಅಂದರೆ ಆ ನಾಲ್ಕೂ ಕಾನ್ಸರ್ಟೊಗಳನ್ನು ಬರೆದದ್ದು ಸುರುಳಿ ಸುತ್ತಿದ ಒಂದು ಬರಿಯ ಹಿತ್ತಾಳೆ ಕೊಳವೆಗೆ. ಇಂಗ್ಲಿಷಿನ ‘ಹಾರ್ನ್’ ಎಂಬ ಪದಕ್ಕೂ ಮೊದಲ ಅರ್ಥ ದನದ ಕೊಂಬೇ. ದಾವಣಗೆರೆಯ ಹೆದ್ದಾರಿ ಪಕ್ಕ ಬದುಕುವ ನಮಗೆ ಹಾರ್ನ್ ಎಂದರೆ ಮೊದಲು ಲಾರಿ ನೆನಪಾಗುತ್ತದೆ, ಅದು ಬೇರೆ ಮಾತು.

ಕೊಳವೆಯೊಳಗೆ ಒಂದು ಏಣಿ

ಹಾಗಾದರೆ ಸ್ವರ ಬದಲಾಗುವುದು ಹೇಗೆ? ಕಹಳೆಯಲ್ಲಿ ಮೊದಲು ನಡುಗುವುದು ಲೋಹವಲ್ಲ, ಊದುವವರ ತುಟಿ. ಬಿಗಿಹಿಡಿದ ತುಟಿಗಳ ನಡುವೆ ಉಸಿರು ನುಗ್ಗಿದಾಗ ಅವು ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುತ್ತವೆ. ಆ ತುಡಿತ ಕೊಳವೆಯೊಳಗಿನ ಗಾಳಿಗೆ ತಗಲುತ್ತದೆ. ಗಾಳಿಯ ಕಂಬಕ್ಕೆ ತನ್ನದೇ ಆದ ಇಷ್ಟದ ತುಡಿತಗಳಿವೆ. ತುಟಿಯ ತುಡಿತ ಆ ಇಷ್ಟಗಳಲ್ಲಿ ಒಂದರ ಹತ್ತಿರ ಬಂದಾಗ ಗಾಳಿಯಲೆ ಹಿಂತಿರುಗಿ ತುಟಿಗೆ ತಾಳ ಹಾಕುತ್ತದೆ, ಸ್ವರ ಕಚ್ಚಿಕೊಳ್ಳುತ್ತದೆ. ಇಲ್ಲವಾದರೆ ಬರುವುದು ಬರೀ ‘ಪುರ್ರ್’.

ಈ ಇಷ್ಟದ ತುಡಿತಗಳು ಅಡ್ಡಾದಿಡ್ಡಿಯಾಗಿಲ್ಲ, ಏಣಿಯ ಮೆಟ್ಟಿಲಿನಂತೆ ಜೋಡಣೆಯಾಗಿವೆ. ಆರಡಿ ಉದ್ದದ, ಬಾಯಿಯ ಕಡೆ ಅಗಲವಾಗುತ್ತಾ ಹೋಗುವ ಒಂದು ಕೊಂಬು ಇದೆ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಲೆಕ್ಕ ಹಾಕಿದರೆ ಮೊದಲ ಮೆಟ್ಟಿಲು ಸುಮಾರು 95 ಹರ್ಟ್ಸ್. ಎರಡನೆಯದು 190, ಮೂರನೆಯದು 285, ನಾಲ್ಕನೆಯದು 380, ಹೀಗೆ 95ರ ಮಗ್ಗಿ. ನಿಜವಾದ ಕೊಂಬಿನಲ್ಲಿ ಬಾಯಿಯ ಆಕಾರದಿಂದಾಗಿ ಅಂಕಿಗಳು ಅಷ್ಟಿಷ್ಟು ಆಚೀಚೆ ಆಗುತ್ತವೆ, ಏಣಿಯ ಸ್ವರೂಪ ಬದಲಾಗುವುದಿಲ್ಲ.

ಈಗ ಈ ಮಗ್ಗಿಯನ್ನು ಕರ್ನಾಟಕ ಸಂಗೀತದ ಕಣ್ಣಿನಿಂದ ನೋಡಿ. ಎರಡನೆಯ ಮೆಟ್ಟಿಲು ಷಡ್ಜವಾದರೆ ಮೂರನೆಯದು ಪಂಚಮ. ನಾಲ್ಕು ಮೇಲಿನ ಷಡ್ಜ. ಐದು ಅಂತರ ಗಾಂಧಾರ, ಆರು ಮತ್ತೆ ಪಂಚಮ. ಏಳನೆಯದು ಕೈಶಿಕಿ ನಿಷಾದಕ್ಕಿಂತ ಕೊಂಚ ತಗ್ಗು. ಎಂಟು ಮತ್ತೊಂದು ಷಡ್ಜ. ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಟ್ಟರೆ ಯಾರೂ ಮೀಟದ ಅಂತರ ಗಾಂಧಾರ ಕೇಳಿಸುತ್ತದಲ್ಲ, ಅದೂ ಇದೇ ಏಣಿಯ ಐದನೆಯ ಮೆಟ್ಟಿಲು. ತಂತಿಯಲ್ಲಿ ಎಲ್ಲ ಮೆಟ್ಟಿಲುಗಳೂ ಒಟ್ಟಿಗೆ ನುಡಿಯುತ್ತವೆ. ಕಹಳೆಯಲ್ಲಿ ವಾದಕ ತುಟಿಯ ಬಿಗಿತದಿಂದ ಒಂದೊಂದನ್ನೇ ಆರಿಸಿಕೊಳ್ಳುತ್ತಾನೆ.

ಜೋರಾಗಿ ಊದಿದರೆ ಸ್ವರ ಮೇಲಕ್ಕೆ ಹೋಗುತ್ತದೆ ಎಂಬುದು ಅರ್ಧಸತ್ಯ. ಉಸಿರಿನ ಒತ್ತಡ ಸಹಾಯಕ, ಆದರೆ ಮೆಟ್ಟಿಲನ್ನು ನಿರ್ಧರಿಸುವುದು ತುಟಿಯ ಬಿಗಿ. ಒಳ್ಳೆಯ ವಾದಕ ಮೇಲಿನ ಸ್ವರವನ್ನು ಮೆಲ್ಲಗೂ ನುಡಿಸಬಲ್ಲ. ಜೋರಾಗಿ ಊದಿದಾಗ ನಿಜಕ್ಕೂ ಬದಲಾಗುವುದು ನಾದದ ಬಣ್ಣ. ಒತ್ತಡ ಹೆಚ್ಚಾದಂತೆ ಕೊಳವೆಯಲ್ಲಿ ಸಾಗುವ ಅಲೆಯ ಮುಂಭಾಗ ಕಡಿದಾಗುತ್ತಾ ಹೋಗಿ, ಹೊರಬರುವಾಗ ಚೂಪಾಗಿರುತ್ತದೆ. ಕಹಳೆ ಕಿವಿಗೆ ‘ಚುಚ್ಚುವುದು’ ಇದರಿಂದ.

ಇಬ್ಬರು ಒಟ್ಟಿಗೆ ಊದಿದಾಗ ನಡುಗಿದಂತೆ ಕೇಳಿಸುವ ನಾದವನ್ನು ಶ್ರುತಿ ತಪ್ಪಿತು ಎಂದು ಕೆಲವರು ನಗುವುದುಂಟು. ಕೊಳವೆಗಳಲ್ಲಿ ಎರಡೇ ಸೆಂಟಿಮೀಟರ್ ವ್ಯತ್ಯಾಸವಿದ್ದರೂ, ಆರಡಿಯ ಕೊಂಬಿನ ನಾಲ್ಕನೆಯ ಮೆಟ್ಟಿಲಿನಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಸಲ ನಾದ ಉಬ್ಬಿ ಇಳಿಯುತ್ತದೆ. ಬಯಲಿನಲ್ಲಿ, ತೇರಿನ ಮುಂದೆ, ನೂರಾರು ಜನರ ಗದ್ದಲದ ನಡುವೆ ಆ ಉಬ್ಬಿಳಿತವೇ ನಾದವನ್ನು ಎತ್ತಿ ತೋರಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹವೆಯ ಪಾತ್ರವೂ ಇದೆ. ಬಿಸಿಗಾಳಿಯಲ್ಲಿ ಶಬ್ದ ವೇಗವಾಗಿ ಸಾಗುತ್ತದೆ. ಮಾಗಿಯ ಬೆಳಗಿನ 16 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗೂ ಹೋಲಿಸಿದರೆ ಅದೇ ಕೊಳವೆಯ ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತ ತುಸು ಹೆಚ್ಚು ಏರಬೇಕು. ಉಸಿರಿನ ಬಿಸಿ ಒಳಗಿನ ಗಾಳಿಯನ್ನು ಬೆಚ್ಚಗಾಗಿಸುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆ.

ಹಾಗಾದರೆ ಕಹಳೆಯಲ್ಲಿ ರಾಗ ಯಾಕೆ ಬರುವುದಿಲ್ಲ?

ಇಲ್ಲಿ ಉದ್ದದ ಲೆಕ್ಕ ಬರುತ್ತದೆ, ಇಡೀ ವಿಷಯದ ತಿರುಳೂ ಇದೇ. ಏಣಿಯ ಕೆಳಗಿನ ಮೆಟ್ಟಿಲುಗಳ ನಡುವೆ ಅಂತರ ದೊಡ್ಡದು: ಸ, ಪ, ಸ. ಮೇಲೆ ಹೋದಂತೆ ಅಂತರ ಕಿರಿದಾಗುತ್ತದೆ. ಎಂಟನೆಯದು ಷಡ್ಜ, ಒಂಬತ್ತು ಚತುಶ್ರುತಿ ರಿಷಭ, ಹತ್ತು ಅಂತರ ಗಾಂಧಾರ, ಹನ್ನೊಂದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ಎಲ್ಲೋ, ಹನ್ನೆರಡು ಪಂಚಮ. ಹದಿನೈದು ಕಾಕಲಿ ನಿಷಾದ, ಹದಿನಾರು ಷಡ್ಜ. ಒಂದರ ಪಕ್ಕ ಒಂದು ಸ್ವರ ಸಿಕ್ಕಿ ರಾಗದ ನಡಿಗೆ ಸಾಧ್ಯವಾಗುವುದು ಎಂಟನೆಯ ಮೆಟ್ಟಿಲಿನಿಂದ ಮೇಲೆ.

ಆರಡಿಯ ಕೊಂಬಿನಲ್ಲಿ ಎಂಟನೆಯ ಮೆಟ್ಟಿಲು ಸುಮಾರು 760 ಹರ್ಟ್ಸ್. ಅಲ್ಲಿಂದ ಹದಿನಾರರವರೆಗೆ ಹತ್ತಲು ತುಟಿ ಸೆಕೆಂಡಿಗೆ ಸಾವಿರದೈನೂರಕ್ಕೂ ಹೆಚ್ಚು ಸಲ ತುಡಿಯಬೇಕು. ಮೊಜಾರ್ಟ್‌ನ ಇ-ಫ್ಲಾಟ್ ಹಾರ್ನಿನ ಕೊಳವೆ ಬಿಚ್ಚಿ ನೀಳ ಮಾಡಿದರೆ ನಾಲ್ಕು ಮೀಟರಿಗೂ ಹೆಚ್ಚು, ಅಂದರೆ ನಮ್ಮ ಕೊಂಬಿನ ಎರಡರಷ್ಟಕ್ಕಿಂತ ಉದ್ದ. ಅದರ ಎಂಟನೆಯ ಮೆಟ್ಟಿಲು ಸುಮಾರು 311 ಹರ್ಟ್ಸ್, ತುಟಿಗೆ ಆರಾಮದ ಜಾಗ. ರಾಗ ನುಡಿಯುವ ಮೆಟ್ಟಿಲುಗಳೆಲ್ಲ ವಾದಕನ ಕೈಗೆಟಕುವ ಎತ್ತರಕ್ಕೆ ಇಳಿದು ಬಂದಿವೆ. ಅಷ್ಟುದ್ದ ಕೊಳವೆಯನ್ನು ಹೊತ್ತು ತಿರುಗಲಾಗದು, ಅದಕ್ಕೇ ಸುರುಳಿ. ಸುರುಳಿಯಿಂದ ಸ್ವರ ಬರುತ್ತದೆ ಎಂದು ತಿಳಿದವರಿದ್ದಾರೆ. ಕೊಳವೆ ಬಾಗಿದರೂ ನೇರವಿದ್ದರೂ ಗಾಳಿಗೆ ಹೆಚ್ಚು ವ್ಯತ್ಯಾಸವಿಲ್ಲ. ನಮ್ಮಲ್ಲಿಯೂ ಎರಡು ತುಂಡಿನ ಕೊಂಬನ್ನು ಅರ್ಧಚಂದ್ರದಂತೆ ಜೋಡಿಸಬಹುದು, ಒಂದು ತುಂಡನ್ನು ತಿರುಗಿಸಿ ಹಾವಿನಂತೆಯೂ ಜೋಡಿಸಬಹುದು, ಏಣಿ ಅದೇ.

ನಮ್ಮ ಕೊಂಬು ಗಿಡ್ಡವಾಗಿ ಉಳಿದದ್ದು ತಿಳಿವಳಿಕೆಯ ಕೊರತೆಯಿಂದಲ್ಲ, ಕೆಲಸ ಬೇರೆ ಇದ್ದದ್ದರಿಂದ. ಅದು ನಡೆಯುತ್ತಾ, ತಲೆಯ ಮೇಲೆತ್ತಿ, ದೂರಕ್ಕೆ ಸುದ್ದಿ ಮುಟ್ಟಿಸಬೇಕಾದ ವಾದ್ಯ. ಮಾಯಕೊಂಡಕ್ಕೆ ರಣಕಹಳೆಯ ಪದ ಬರೀ ಅಲಂಕಾರವಲ್ಲ: 1748ರ ಸುಮಾರಿಗೆ ಚಿತ್ರದುರ್ಗದ ಮದಕರಿ ನಾಯಕ ಯುದ್ಧದಲ್ಲಿ ಮಡಿದದ್ದು ಇಲ್ಲಿಯೇ. (ಓಬವ್ವನ ಕಥೆಯಲ್ಲಿ ಬರುವ, ಹೈದರಾಲಿಗೆ ಸೋತ ಮದಕರಿ ಇವನಲ್ಲ. ಅವನು ನಂತರದವನು. ಇಬ್ಬರನ್ನೂ ಒಂದೇ ಮಾಡುವುದು ಬಹಳ ಸಾಮಾನ್ಯ ತಪ್ಪು.) ಬಯಲಿನಲ್ಲಿ ದೂರಕ್ಕೆ ಮುಟ್ಟುವ ಕರೆಗೆ ರಾಗಕ್ಕಿಂತ ಸ್ಪಷ್ಟವಾದ ನೆಗೆತ ಬೇಕು. ಸ-ಪ-ಸ ನೆಗೆತವನ್ನು ಗಾಳಿಯಲ್ಲಿಯೂ ತಪ್ಪಾಗಿ ಕೇಳಿಸಿಕೊಳ್ಳುವುದು ಕಷ್ಟ. ಯುರೋಪಿನ ಬೇಟೆಯ ಕೊಂಬು, ಅಂಚೆಯ ಕೊಂಬು ಕೂಡ ಇದೇ ನೆಗೆತಗಳಲ್ಲಿ ಮಾತಾಡುತ್ತಿದ್ದವು. ಮೊಜಾರ್ಟ್ ತನ್ನ ಹಾರ್ನ್ ಕಾನ್ಸರ್ಟೊಗಳ ಕೊನೆಯ ಭಾಗವನ್ನು ಬೇಟೆಯ ಕುದುರೆಯ ಓಟದ ಲಯದಲ್ಲಿ ಬರೆದದ್ದು ಆ ಹಳೆಯ ನಂಟಿನಿಂದಲೇ.

ದಾಸಯ್ಯನ ಶಂಖ, ಹಾಂಪೆಲ್‌ನ ಕೈ

ಏಣಿಯ ನಡುವೆ ಇಲ್ಲದ ಸ್ವರಗಳನ್ನು ಮೊಜಾರ್ಟ್‌ನ ಕಾಲದವರು ಎಲ್ಲಿಂದ ತಂದರು? ಕೈಯಿಂದ. 1750ರ ಸುಮಾರಿಗೆ ಡ್ರೆಸ್ಡೆನ್‌ನ ಹಾಂಪೆಲ್ ಎಂಬ ವಾದಕ ಹಾರ್ನಿನ ಬಾಯೊಳಗೆ ಬಲಗೈ ಇಟ್ಟು ಸ್ವರ ಬದಲಿಸುವ ಕ್ರಮವನ್ನು ರೂಢಿಗೆ ತಂದನೆಂದು ಹೇಳುತ್ತಾರೆ. ಕೈಯಿಂದ ಬಾಯಿಯನ್ನು ಅರ್ಧ ಮುಚ್ಚಿದರೆ ಸ್ವರ ಇಳಿಯುತ್ತದೆ. ಮೆಟ್ಟಿಲು ಮೆಟ್ಟಿಲಿನ ನಡುವಿನ ಖಾಲಿ ಜಾಗ ಹೀಗೆ ತುಂಬುತ್ತದೆ, ಆ ತ್ರಿಶಂಕು ಮಧ್ಯಮವನ್ನೂ ಸರಿಪಡಿಸಿಕೊಳ್ಳಬಹುದು.

ಇದನ್ನು ನೋಡಲು ಡ್ರೆಸ್ಡೆನ್‌ಗೆ ಹೋಗಬೇಕಿಲ್ಲ. ಶಂಖ ಜಾಗಟೆಯೊಂದಿಗೆ ಬರುವ ದಾಸಯ್ಯನ ಶಂಖವೂ ತುಟಿಯಿಂದ ನುಡಿಯುವ ಕೊಂಬೇ. ಅದರ ಒಳದಾರಿ ತೀರಾ ಗಿಡ್ಡ, ಹಾಗಾಗಿ ಸಾಮಾನ್ಯವಾಗಿ ಒಂದೇ ಸ್ವರ. ಆದರೆ ಶಂಖದ ಬಾಯಿಗೆ ಕೈ ತೂರಿಸಿ ಊದಿದರೆ ಸ್ವರ ಕೆಳಕ್ಕೆ ಜಾರುವುದನ್ನು ಯಾರೂ ಕೇಳಬಹುದು. ನಮ್ಮ ಕೊಂಬಿನಲ್ಲಿ ಈ ಉಪಾಯ ನಡೆಯದಿರಲು ಕಾರಣ ಬಹಳ ಸಾಧಾರಣ: ಅದರ ಬಾಯಿ ತಲೆಯ ಮೇಲಿರುತ್ತದೆ, ಕೈ ಎಟಕುವುದಿಲ್ಲ.

ಚೀಸ್ ವ್ಯಾಪಾರಿಯ ಕಥೆ

ಮೊಜಾರ್ಟ್ ಈ ಕಾನ್ಸರ್ಟೊಗಳನ್ನು ಬರೆದದ್ದು ಮುಖ್ಯವಾಗಿ ಯೋಸೆಫ್ ಲಾಯ್ಟ್‌ಗೆಬ್ (1732–1811) ಎಂಬ ವಾದಕನಿಗಾಗಿ. ಆತ ಚೀಸ್ ಅಂಗಡಿ ನಡೆಸುತ್ತಿದ್ದ ಮುಗ್ಧ, ಬಿಡುವಿನಲ್ಲಿ ಹಾರ್ನ್ ಊದುತ್ತಿದ್ದ ಎಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಬಂದಿದೆ. ವಿಯೆನ್ನಾದ ದಾಖಲೆಗಳನ್ನು ಮತ್ತೆ ಕೆದಕಿದ ಸಂಶೋಧಕರ ಪ್ರಕಾರ ಚೀಸ್ ವ್ಯಾಪಾರ ಲಾಯ್ಟ್‌ಗೆಬ್‌ನ ಮಾವನದು. ಲಾಯ್ಟ್‌ಗೆಬ್ ಸಾಲ್ಸ್‌ಬರ್ಗ್ ಆಸ್ಥಾನದ ವಾದ್ಯವೃಂದದಲ್ಲಿದ್ದ, ಹೊರದೇಶಗಳಲ್ಲಿ ಕಛೇರಿ ಕೊಟ್ಟ ವೃತ್ತಿಪರ. ಮೊಜಾರ್ಟ್ 1783ರ ಹಸ್ತಪ್ರತಿಯಲ್ಲಿ ಅವನನ್ನು ಕತ್ತೆ, ಎತ್ತು ಎಂದೆಲ್ಲ ಗೇಲಿ ಮಾಡಿದ್ದು ನಿಜ. ಗೆಳೆಯರ ಗೇಲಿಯನ್ನು ಜನ ಯೋಗ್ಯತಾಪತ್ರದಂತೆ ಓದಿಕೊಂಡರು. ಕೊಳವೆ ಊದುವವನು ಹೇಗೂ ದೊಡ್ಡ ಕಲಾವಿದನಿರಲಾರ ಎಂಬ ತಾತ್ಸಾರ ಆ ಊರಿನಲ್ಲಿಯೂ ಇತ್ತು ಎಂದು ನಮಗೆ ಅನ್ನಿಸುತ್ತದೆ.

ಇನ್ನೊಂದು ಗೊಂದಲ ಸಂಖ್ಯೆಯದು. ‘ಒಂದನೆಯ’ ಹಾರ್ನ್ ಕಾನ್ಸರ್ಟೊ ಎಂದು ಕರೆಯುವುದು ನಿಜದಲ್ಲಿ ಕೊನೆಯದು. ಹಸ್ತಪ್ರತಿಯ ಕಾಗದವನ್ನು ಪರೀಕ್ಷಿಸಿದ ಅಲನ್ ಟೈಸನ್ ಅದು 1791ರದ್ದೆಂದು ತೋರಿಸಿದರು. ಮೊಜಾರ್ಟ್ ಮುಗಿಸದೆ ಬಿಟ್ಟ ಅದರ ಕೊನೆಯ ಭಾಗವನ್ನು ಶಿಷ್ಯ ಜ್ಯೂಸ್‌ಮಾಯರ್ 1792ರಲ್ಲಿ ಪೂರ್ತಿ ಮಾಡಿದ. ಈ ರಚನೆಯಲ್ಲಿ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರಗಳಿಲ್ಲ. ಲಾಯ್ಟ್‌ಗೆಬ್‌ಗೆ ಆಗ ಅರವತ್ತರ ಹತ್ತಿರ. ಗೆಳೆಯನ ತುಟಿ ಸೋಲುತ್ತಿದ್ದುದನ್ನು ತಿಳಿದೇ ಮೊಜಾರ್ಟ್ ಹಾಗೆ ಬರೆದ ಎಂದು ಹಲವರು ಊಹಿಸುತ್ತಾರೆ. ಅರವತ್ತು ದಾಟಿದ ಕಹಳೆ ವಾದಕರೂ ಮೇಲಿನ ಮೆಟ್ಟಿಲನ್ನು ಕಿರಿಯರಿಗೆ ಬಿಟ್ಟುಕೊಟ್ಟರೆ ಅಚ್ಚರಿಯಿಲ್ಲ. ತುಟಿಯ ಸ್ನಾಯು ಎಲ್ಲರಿಗೂ ಒಂದೇ.

ಹಿತ್ತಾಳೆಯೋ, ತೋಟದ ಪೈಪೋ

ನಾದದ ಗುಟ್ಟು ಲೋಹದಲ್ಲಿದೆ ಎನ್ನುವವರಿಗೆ ಒಂದು ಹಳೆಯ ಉತ್ತರವಿದೆ. 1956ರ ನವೆಂಬರಿನಲ್ಲಿ ಲಂಡನ್ನಿನ ಒಂದು ಹಾಸ್ಯ ಸಂಗೀತೋತ್ಸವದಲ್ಲಿ ಡೆನ್ನಿಸ್ ಬ್ರೇನ್ ಎಂಬ ಹಾರ್ನ್ ವಾದಕ ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪಿನಲ್ಲಿ ಮೊಜಾರ್ಟ್‌ನ ತಂದೆಯ ರಚನೆಯೊಂದನ್ನು ನುಡಿಸಿದರು. ಸ್ವರವನ್ನು ನಿರ್ಧರಿಸುವುದು ಬಹುಪಾಲು ಒಳಗಿನ ಗಾಳಿಯ ಆಕಾರ. ಗೋಡೆ ಯಾವುದರದ್ದು ಎಂಬುದರ ಪ್ರಭಾವ ಬಹಳ ಸಣ್ಣದು.

ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಪೈಪಿಗೇನು ಬರ. ತೂತಿಲ್ಲದ ಆರಡಿ ಪೈಪ್ ತೆಗೆದುಕೊಂಡು ಒಂದು ತುದಿಗೆ ಎಣ್ಣೆ ಸುರಿಯುವ ಆಲಿಕೆ ಸಿಕ್ಕಿಸಿ, ಇನ್ನೊಂದು ತುದಿಗೆ ತುಟಿ ಬಿಗಿಹಿಡಿದು ‘ಪುರ್ರ್’ ಎನ್ನಿಸಿ. ಔಷಧಿ, ಗೊಬ್ಬರ ಹರಿದ ಪೈಪ್ ಬೇಡ, ಹೊಸದೇ ಇರಲಿ. ಒಂದೇ ಅಗಲದ ಪೈಪ್ ಆದ್ದರಿಂದ ಏಣಿ ಕೊಂಬಿನಷ್ಟು ಸರಿಯಾಗಿ ಕೂರುವುದಿಲ್ಲ, ಆದರೆ ತುಟಿ ಬಿಗಿ ಮಾಡಿದಂತೆ ಸ್ವರ ಜಾರದೆ ನೆಗೆಯುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಈ ಬ್ರೇನ್‌ಗೂ ನಮ್ಮ ನಾಡಿಗೂ ಒಂದು ನಂಟಿದೆ, ಹೆಚ್ಚು ಜನರಿಗೆ ತಿಳಿಯದ್ದು. ಅವರು ಪ್ರಧಾನ ಹಾರ್ನ್ ವಾದಕರಾಗಿದ್ದ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಆರಂಭದ ಕಷ್ಟದ ವರ್ಷಗಳಲ್ಲಿ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’ ಮೊದಲ ಬಾರಿ ಲಂಡನ್ನಿನಲ್ಲಿ ಕೇಳಿಸಿದ್ದು ಇದೇ ವಾದ್ಯವೃಂದದಿಂದ, ಮಹಾರಾಜರ ಹಣದ ಭರವಸೆಯ ಮೇಲೆ. ಅದರಲ್ಲೊಂದು ಹಾಡು ಮುಗಿಯುವುದು ಒಂಟಿ ಹಾರ್ನಿನ ದನಿಯಿಂದ; ಸ್ಟ್ರಾಸ್‌ನ ತಂದೆ ಹಾರ್ನ್ ವಾದಕ. ಬ್ರೇನ್ 1953ರಲ್ಲಿ ಕರಾಯನ್ ನಿರ್ದೇಶನದಲ್ಲಿ ಅದೇ ವಾದ್ಯವೃಂದದೊಂದಿಗೆ ಮೊಜಾರ್ಟ್‌ನ ನಾಲ್ಕೂ ಕಾನ್ಸರ್ಟೊಗಳನ್ನು ಧ್ವನಿಮುದ್ರಿಸಿದರು. 1957ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಆ ಮುದ್ರಣ ಇಂದಿಗೂ ಮಾರಾಟದಲ್ಲಿದೆ. ಮೈಸೂರಿನ ಬೊಕ್ಕಸ ಲಂಡನ್ನಿನ ಕೊಂಬಿಗೆ ಒದಗಿತು. ಮಾಯಕೊಂಡದ ಕೊಂಬಿಗೂ ಒಂದು ಧ್ವನಿಮುದ್ರಣ ಇದ್ದಿದ್ದರೆ ಎಂದು ಆಸೆಯಾಗುವುದು ಸಹಜ.

ಊದಿದರೆ ಆರೋಗ್ಯವೇ, ಅಪಾಯವೇ?

ಶಂಖ ಊದಿದರೆ ಸಕಲ ರೋಗ ನಿವಾರಣೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಎಲ್ಲರಿಗೂ ಬಂದಿರುತ್ತದೆ. ಆಧಾರವಿರುವುದು ಬಹಳ ಸೀಮಿತ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದ 30 ಜನರ ಮೇಲೆ ಜೈಪುರದಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳು ಶಂಖ ಊದಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾಯಿತು. ಗಂಟಲಿನ ಸ್ನಾಯು ಬಲಗೊಳ್ಳುವುದು ಕಾರಣವಿರಬಹುದು. 30 ಜನರ ಅಧ್ಯಯನ ಆಸೆ ಹುಟ್ಟಿಸುತ್ತದೆ, ಚಿಕಿತ್ಸೆಯ ಬದಲಿಯಾಗುವುದಿಲ್ಲ. ಇನ್ನೊಂದು ಬದಿಯಲ್ಲಿ, ಬಲವಾಗಿ ಊದುವಾಗ ಕಣ್ಣಿನೊಳಗಿನ ಒತ್ತಡ ತಾತ್ಕಾಲಿಕವಾಗಿ ಏರುತ್ತದೆ. ಗ್ಲಾಕೋಮಾ ಇರುವವರು ಕಣ್ಣಿನ ವೈದ್ಯರನ್ನು ಕೇಳಿಯೇ ಊದಬೇಕು.

ಕಿವಿಯ ವಿಷಯ ಇದಕ್ಕಿಂತ ಗಂಭೀರ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್ ಮಿತಿ, ಪ್ರತಿ ಮೂರು ಡೆಸಿಬಲ್ ಏರಿದಂತೆ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಹಳೆಯ ಬಾಯಿಗೆ ನೇರವಾಗಿ ನಿಲ್ಲಬೇಡಿ, ಡಿಜೆ ಪೆಟ್ಟಿಗೆಯ ಎದುರಂತೂ ಬೇಡವೇ ಬೇಡ. ವಾದಕರಿಗೆ ಹತ್ತಿಪ್ಪತ್ತು ರೂಪಾಯಿಯ ಫೋಮ್ ಕಿವಿಬಿರಡೆಯೂ ಉಪಯೋಗಕ್ಕೆ ಬರುತ್ತದೆ.

ದಾಖಲಿಸುವುದಾದರೆ

ನಿಮ್ಮೂರಿನಲ್ಲಿ ಕಹಳೆ ಊದುವ ಹಿರಿಯರಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮೊದಲು ಒಂದೊಂದೇ ಸ್ವರವನ್ನು ನೀಳವಾಗಿ ಊದಲು ಕೇಳಿ, ಆಮೇಲೆ ತೇರು ಎಳೆಯುವಾಗಿನ ಕರೆ, ದೇವರು ಹೊರಡುವಾಗಿನ ಕರೆ, ಮೆರವಣಿಗೆ ನಿಲ್ಲಿಸುವ ಕರೆ, ಅವರು ಏನೇನು ಹೇಳುತ್ತಾರೋ ಎಲ್ಲ. ಶ್ರುತಿ ತೋರಿಸುವ ಉಚಿತ ಆ್ಯಪ್‌ಗಳು ಪ್ರತಿ ಸ್ವರದ ಹರ್ಟ್ಸ್ ಕೊಡುತ್ತವೆ. ಪಕ್ಕಪಕ್ಕದ ಎರಡು ಸ್ವರಗಳ ವ್ಯತ್ಯಾಸ ಕಂಡುಹಿಡಿದು ಉಳಿದವನ್ನು ಅದರಿಂದ ಭಾಗಿಸಿದರೆ ಮೆಟ್ಟಿಲಿನ ಸಂಖ್ಯೆ ಸಿಗುತ್ತದೆ. ಆಗ ಒಂದು ಕರೆಯನ್ನು ‘ಎರಡು, ಮೂರು, ನಾಲ್ಕು, ಮೂರು’ ಎಂದು ಕಾಗದದ ಮೇಲೆ ಬರೆದಿಡಬಹುದು, ಮಾಸಾಶನದ ಅರ್ಜಿಯ ಜೊತೆಗೂ ಲಗತ್ತಿಸಬಹುದು. ಕೊಳವೆಯ ಉದ್ದ, ಎಷ್ಟು ತುಂಡು, ಮಾಡಿಕೊಟ್ಟವರು ಯಾವ ಊರಿನವರು, ಕಲಿಸಿದವರು ಯಾರು ಎಂಬುದನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.